ಪಿಕ್ಸೆಲ್ ಏಟಿಗೆ ದಮ್ ಬರುವುದು ಎಲ್ಲಿಂದ?

ಪಿಕ್ಸೆಲ್ ಆರ್ಟ್, ಅಂದರೆ ವಿಡಿಯೋ ಗೇಮ್‌ಗೆ ಚುಕ್ಕಿ ಚುಕ್ಕಿಯಾಗಿ ಚಿತ್ರ ಬಿಡಿಸುವುದನ್ನು, ಕಲಿಯುತ್ತಿರುವವರು ಆಗಾಗ ತಮ್ಮ ಸ್ಪ್ರೈಟ್ (ಆಟದೊಳಗಿನ ಪಾತ್ರದ ಚಿತ್ರ) ಕಳಿಸಿ ಒಂದೇ ಪ್ರಶ್ನೆ ಕೇಳುತ್ತಾರೆ. "ಕತ್ತಿ ಬೀಸ್ತಾನೆ, ಆದ್ರೆ ಹೊಡೆದ ಹಾಗೇ ಅನ್ನಿಸ್ತಿಲ್ಲ. ಏನ್ ಮಾಡ್ಲಿ?" ತೆರೆದು ನೋಡಿದರೆ ಚಿತ್ರ ಚೆನ್ನಾಗಿಯೇ ಇರುತ್ತದೆ. ಬಣ್ಣ ಸರಿ, ಬೆಳಕು ಸರಿ, ಕತ್ತಿಯ ಹಿಡಿಯಲ್ಲಿ ಒಂದು ಕೆಂಪು ಹರಳು ಬೇರೆ ಮಿನುಗುತ್ತಿರುತ್ತದೆ. ಫ್ರೇಮ್, ಅಂದರೆ ಒಂದರ ಹಿಂದೊಂದು ಓಡುವ ಬಿಡಿ ಚಿತ್ರ, ಎಣಿಸಿದರೆ ಹನ್ನೆರಡೋ ಹದಿನಾಲ್ಕೋ. ಕತ್ತಿ ಒಂದೊಂದು ಫ್ರೇಮಿಗೂ ಅಷ್ಟಷ್ಟೇ ಜರುಗುತ್ತಾ, ಎಲ್ಲೂ ನಿಲ್ಲದೆ, ಎಲ್ಲೂ ಓಡದೆ, ಮೇಲಿನಿಂದ ಕೆಳಗೆ ಇಳಿಯುತ್ತದೆ. ಎದುರಿಗಿದ್ದ ರಾಕ್ಷಸ ಸತ್ತ. ಯಾಕೆ ಸತ್ತ ಅಂತ ನೋಡುವವರಿಗೆ ಗೊತ್ತಾಗುವುದಿಲ್ಲ, ಅವನಿಗೂ ಗೊತ್ತಾಗಿರಲಿಕ್ಕಿಲ್ಲ.

ಇದಕ್ಕೆ ನಾನು ಮೊದಲು ಹೇಳುವುದು, ಫ್ರೇಮ್ ತೆಗೆದು ಹಾಕಿ ಅಂತ. ಕೇಳಿದವರಿಗೆ ಬೇಜಾರಾಗುತ್ತದೆ. ಕಷ್ಟಪಟ್ಟು ಬಿಡಿಸಿದ್ದು, ಅಲ್ವಾ? ಆದರೆ ಬೀಸುವ ಹೊತ್ತಿನ ಫ್ರೇಮ್ ಜಾಸ್ತಿಯಾದಷ್ಟೂ ಏಟು ಸಪ್ಪೆಯಾಗುತ್ತದೆ. ದಮ್ಮು ಇರುವುದು ಬೀಸುವ ಮುಂಚೆ ಮೈ ತಡೆದು ನಿಂತ ಹೊತ್ತಿನಲ್ಲಿ, ಮತ್ತೆ ಬಡಿದ ಮೇಲೆ ಎಲ್ಲವೂ ನಿಂತುಹೋದ ಹೊತ್ತಿನಲ್ಲಿ. ನಡುವಿನ ಓಟ ಕಣ್ಣಿಗೆ ಸರಿಯಾಗಿ ಕಾಣದಿದ್ದರೇ ಒಳ್ಳೆಯದು. ಸೌದೆ ಒಡೆಯುವವರನ್ನು ನೋಡಿ. ಕೊಡಲಿ ನಿಧಾನಕ್ಕೆ ಮೇಲೆ ಹೋಗುತ್ತದೆ, ತಲೆಯ ಮೇಲೆ ಒಂದು ಗಳಿಗೆ ನಿಲ್ಲುತ್ತದೆ, ಇಳಿಯುವುದು ಕಾಣುವುದೇ ಇಲ್ಲ, ಆಮೇಲೆ ನೋಡಿದರೆ ಮರದಲ್ಲಿ ಕಚ್ಚಿಕೊಂಡು ನಿಂತಿರುತ್ತದೆ. ಆ ಕಚ್ಚಿಕೊಂಡು ನಿಲ್ಲುವುದಿದೆಯಲ್ಲ, ಅದನ್ನು ಬಿಡಿಸುವುದನ್ನೇ ಜಾಸ್ತಿ ಜನ ಮರೆಯುತ್ತಾರೆ.

ಮುಸ್ತಫಾ ಗೇಮ್ ಆಡಿದವರಿಗೆ ಇದು ಕೈಗೆ ಗೊತ್ತಿರುತ್ತದೆ, ಬಾಯಿಗೆ ಗೊತ್ತಿರುವುದಿಲ್ಲ. ಅದರ ನಿಜವಾದ ಹೆಸರು ಕ್ಯಾಡಿಲಾಕ್ಸ್ ಆ್ಯಂಡ್ ಡೈನೋಸಾರ್ಸ್, ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ತಂದದ್ದು. ಆದರೆ ನಮ್ಮ ಕಡೆ ವಿಡಿಯೋ ಗೇಮ್ ಅಂಗಡಿಗಳಲ್ಲೂ, ಆಮೇಲೆ ಕಂಪ್ಯೂಟರ್ ಸೆಂಟರ್‌ಗಳಲ್ಲೂ ಯಾರೂ ಆ ಹೆಸರು ಹೇಳಿದ್ದು ಕೇಳಿಲ್ಲ. ಹಳದಿ ಟೋಪಿಯ ಮುಸ್ತಫಾನ ಹೆಸರೇ ಆಟದ ಹೆಸರು. ಅವನು ಓಡಿಬಂದು ಗಾಳಿಯಲ್ಲಿ ಒದೆಯುತ್ತಾನಲ್ಲ, ಆ ಒದೆ ಎದುರಿನವನಿಗೆ ತಾಗಿದ ಕ್ಷಣ ಗಮನಿಸಿ. ಇಬ್ಬರೂ ಗಕ್ಕನೆ ನಿಲ್ಲುತ್ತಾರೆ. ತುಂಬಾ ಚಿಕ್ಕ ಹೊತ್ತು. ಆಮೇಲೆ ಒದೆ ತಿಂದವನು ಹಾರಿಹೋಗುತ್ತಾನೆ. ಇದೇ ಕಂಪನಿ 1989ರ ಫೈನಲ್ ಫೈಟ್‌ನಲ್ಲೂ ಹೀಗೇ ಮಾಡಿತ್ತು. ಇದಕ್ಕೆ ಹಿಟ್‌ಸ್ಟಾಪ್ ಅನ್ನುತ್ತಾರೆ. ಆ ನಿಲುಗಡೆ ಇಲ್ಲದಿದ್ದರೆ ಮುಸ್ತಫಾನ ಕಾಲು ಎದುರಿನವನ ಮೈಯೊಳಗೆ ತೂರಿ ಆಚೆ ಹೋದ ಹಾಗೆ ಅನ್ನಿಸುತ್ತಿತ್ತು. ಆ ಆಟಗಳಲ್ಲಿ ಒಂದು ಗುದ್ದಿಗೆ ಬಿಡಿಸಿದ ಚಿತ್ರಗಳು ಬೆರಳೆಣಿಕೆಯಷ್ಟು. ಜಾಸ್ತಿ ಚಿತ್ರ ತುಂಬಲು ಆಗ ಮೆಮೊರಿಯೂ ದುಬಾರಿ. ಆದರೂ ಇವತ್ತಿಗೂ ಆ ಗುದ್ದು ಗುದ್ದೇ.

ಇನ್ನೂ ಹಿಂದೆ ಹೋದರೆ 1986ರ ಝೆಲ್ಡಾ. ನಿಂಟೆಂಡೊದ ಆ 8 ಬಿಟ್ ಯಂತ್ರಕ್ಕೆ ಇಡೀ ಪರದೆಯಲ್ಲಿ 64 ಸ್ಪ್ರೈಟ್ ಮಾತ್ರ ತೋರಿಸಲು ಬರುತ್ತಿತ್ತು, ಒಂದು ಅಡ್ಡಗೆರೆಯಲ್ಲಿ 8 ಮಾತ್ರ. ಒಂದೊಂದು ಸ್ಪ್ರೈಟಿಗೆ ಪಾರದರ್ಶಕ ಬಿಟ್ಟರೆ 3 ಬಣ್ಣ. ಅದರಲ್ಲಿ ನಾಯಕ ಕತ್ತಿ ಚುಚ್ಚುವುದಕ್ಕೆ ಒಂದು ದಿಕ್ಕಿಗೆ ಒಂದೇ ಭಂಗಿ. ಕೈ ಚಾಚಿದ, ಕತ್ತಿ ಹೊರಗಿದೆ, ಅಷ್ಟೇ. ನಡುವಿನ ಚಿತ್ರಗಳೇ ಇಲ್ಲ. ಎದುರಿನ ಪ್ರಾಣಿ ಬಣ್ಣ ಬದಲಿಸುತ್ತಾ ಮಿಣಮಿಣ ಅನ್ನುತ್ತದೆ, ಹಿಂದಕ್ಕೆ ಜಾರುತ್ತದೆ, ಒಂದು ಸದ್ದು ಬರುತ್ತದೆ. ಏಟು ಬಿತ್ತು ಅಂತ ನಂಬುವುದಕ್ಕೆ ಅಷ್ಟು ಸಾಕಾಯಿತು. ಹಾಗಾಗಿ ನನಗೆ ಬಿಡಿಸೋಕೆ ಬರಲ್ಲ, ಅದಕ್ಕೇ ಏಟು ಸರಿ ಕಾಣಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಕೊರತೆ ಇರುವುದು ಸಮಯದ ಲೆಕ್ಕದಲ್ಲಿ.

ಸಮಯದ ಲೆಕ್ಕ ಅಂದೆ. ಆಟ ಸೆಕೆಂಡಿಗೆ 60 ಫ್ರೇಮ್ ಓಡುತ್ತಿದ್ದರೆ, ಅಂದರೆ ಪರದೆ 60 ಸಲ ಬದಲಾಗುತ್ತಿದ್ದರೆ, ಆಟದ ಒಂದು ಫ್ರೇಮ್ ಅಂದರೆ ಸುಮಾರು 16.7 ಮಿಲಿಸೆಕೆಂಡ್. 2 ಫ್ರೇಮ್ 33, 3 ಫ್ರೇಮ್ 50, 6 ಫ್ರೇಮ್ 100. ಈ ನಾಲ್ಕು ಅಂಕಿ ನೆನಪಿದ್ದರೆ ಸಾಕು. ಪಿಕ್ಸೆಲ್ ಚಿತ್ರ ಬಿಡಿಸುವ ತಂತ್ರಾಂಶ ಅಸೆಪ್ರೈಟ್‌ನಲ್ಲಿ ಫ್ರೇಮ್ ಅಂದರೆ ಒಂದು ಚಿತ್ರ; ಹೊಸದು ಹಾಕಿದರೆ ಅದು ತಾನಾಗಿಯೇ 100 ಮಿಲಿಸೆಕೆಂಡ್ ಇಟ್ಟುಕೊಳ್ಳುತ್ತದೆ. ಅದನ್ನು ಯಾರೂ ಮುಟ್ಟುವುದೇ ಇಲ್ಲ. ಹನ್ನೆರಡು ಫ್ರೇಮಿಗೆ ನೂರು ನೂರು ಅಂದರೆ 1200 ಮಿಲಿಸೆಕೆಂಡ್. ಒಂದು ಏಟಿಗೆ ಹತ್ತಿರ ಹತ್ತಿರ ಒಂದೂಕಾಲು ಸೆಕೆಂಡ್! ಅಷ್ಟರಲ್ಲಿ ಎದುರಿನವನು ಪಕ್ಕಕ್ಕೆ ಸರಿದು ನಿಂತಿರುತ್ತಾನೆ. ಫ್ರೇಮ್ ನಂಬರಿನ ಮೇಲೆ ಎರಡು ಸಲ ಒತ್ತಿದರೆ ಅವಧಿ ಬದಲಿಸುವ ಕಿಟಕಿ ತೆರೆಯುತ್ತದೆ. ಚಿತ್ರ ತಿದ್ದುವ ಮುಂಚೆ ಅಲ್ಲಿ ಆಟವಾಡಿ. ಎಷ್ಟೋ ಸಲ ಒಂದು ಪಿಕ್ಸೆಲ್ ಕೂಡ ಮುಟ್ಟದೆ ಬರೀ ಅವಧಿ ಬದಲಿಸಿದ್ದಕ್ಕೇ ಸತ್ತ ಏಟು ಎದ್ದು ಕೂತದ್ದನ್ನು ನೋಡಿದ್ದೇನೆ.

ಈಗ 32 ಪಿಕ್ಸೆಲ್ ಎತ್ತರದ ಒಬ್ಬ ಕತ್ತಿವೀರನನ್ನು ತೆಗೆದುಕೊಳ್ಳೋಣ. ಆಡುವವರ ಕೈಯಲ್ಲಿರುವ ನಾಯಕ. ಆರು ಚಿತ್ರ ಸಾಕು. ಕೈ ಹಿಂದಕ್ಕೆ ಎಳೆದದ್ದು 67 ಮಿಲಿಸೆಕೆಂಡ್, ಬೀಸಿದ ಗುರುತು 33, ಕತ್ತಿ ದಾಟಿ ಆಚೆ ಹೋದದ್ದು 100, ಮೈ ಕುಗ್ಗಿದ್ದು 83, ಎದ್ದೇಳುವುದು 83, ಮೊದಲಿನ ನಿಲುವಿಗೆ ಹತ್ತಿರ ಬಂದದ್ದು 67. ಒಟ್ಟು 433 ಮಿಲಿಸೆಕೆಂಡ್, ಅರ್ಧ ಸೆಕೆಂಡಿಗೂ ಕಡಿಮೆ. ಬೀಸುವುದಕ್ಕೆ ಸಿಕ್ಕಿದ್ದು ಬರೀ 33 ನೋಡಿ. ಉಳಿದ 400 ಮುಂಚೆ ಮತ್ತು ಆಮೇಲೆ ಹಂಚಿಹೋಗಿದೆ, ಅದರಲ್ಲೂ ಆಮೇಲಿನದ್ದೇ ಸಿಂಹಪಾಲು.

ಶುರು ಮಾಡುವ ಮುಂಚೆ ಕ್ಯಾನ್ವಾಸ್, ಅಂದರೆ ಚಿತ್ರ ಬಿಡಿಸುವ ಚೌಕ, ದೊಡ್ಡದು ಮಾಡಿಕೊಳ್ಳಿ. ಇದು ಸಣ್ಣ ಮಾತು ಅನ್ನಿಸಬಹುದು, ಆದರೆ ನಾನು ನೋಡುವ ಸಪ್ಪೆ ಏಟುಗಳಲ್ಲಿ ಸುಮಾರಿನವು ಇಲ್ಲೇ ಸಾಯುತ್ತವೆ. ನಾಯಕ 32 x 32 ಚೌಕದಲ್ಲಿದ್ದಾನೆ, ಏಟನ್ನೂ ಅದೇ ಚೌಕದಲ್ಲಿ ಬಿಡಿಸಬೇಕು ಅಂದುಕೊಂಡು ಕತ್ತಿಯನ್ನು ಮೈಗೆ ಒತ್ತಿ ಒತ್ತಿ ತುರುಕುತ್ತಾರೆ. ಮೊಣಕೈ ಮಡಚಿಕೊಂಡೇ ಇರುತ್ತದೆ. ಹಾಗೆ ಹೊಡೆದರೆ ನೊಣವೂ ಸಾಯುವುದಿಲ್ಲ. ಏಟಿಗೆ 64 x 64 ಅಥವಾ 96 x 64 ಕೊಡಿ, ಕಾಲುಗಳು ನಿಲ್ಲುವ ಜಾಗ ಎಲ್ಲ ಚಿತ್ರದಲ್ಲೂ ಒಂದೇ ಇರುವ ಹಾಗೆ ನೋಡಿಕೊಳ್ಳಿ, ಹಿಟ್‌ಬಾಕ್ಸ್ (ಏಟು ಎಲ್ಲಿಯವರೆಗೆ ತಾಗುತ್ತದೆ ಅಂತ ಹೇಳುವ, ಕಣ್ಣಿಗೆ ಕಾಣದ ಚೌಕ) ಬೇರೆಯಾಗಿ ಕೋಡ್‌ನಲ್ಲಿ ಇರಲಿ.

ಮೊದಲ ಚಿತ್ರ, ಅಂದರೆ ಕೈ ಹಿಂದಕ್ಕೆ ಎಳೆದದ್ದು. ಇಲ್ಲಿ ಕತ್ತಿ ಮಾತ್ರ ಹಿಂದೆ ಹೋದರೆ ಸಾಲದು. ಇಡೀ ಮೈ ಹೋಗಬೇಕು. ಜೋರಾಗಿ ಹೊಡೆಯುವವರ ಮೈಯಲ್ಲಿ ಮೊದಲು ಸೊಂಟ ತಿರುಗುತ್ತದೆ, ಆಮೇಲೆ ಭುಜ, ಆಮೇಲೆ ಕೈ, ಕಟ್ಟಕಡೆಗೆ ಆಯುಧ. ಹಾಗಾಗಿ ತಲೆ ಎರಡು ಪಿಕ್ಸೆಲ್ ಹಿಂದೆ ಮತ್ತು ಒಂದು ಪಿಕ್ಸೆಲ್ ಕೆಳಗೆ, ಸೊಂಟ ಒಂದು ಪಿಕ್ಸೆಲ್ ಹಿಂದೆ, ಹಿಂದಿನ ಮಂಡಿ ಬಾಗಿರಲಿ, ಮುಂದಿನ ಹೆಜ್ಜೆಯ ಹಿಮ್ಮಡಿ ನೆಲ ಬಿಟ್ಟಿರಲಿ. 32 ಪಿಕ್ಸೆಲ್ ಎತ್ತರದವನಿಗೆ ಎರಡು ಪಿಕ್ಸೆಲ್ ಅಂದರೆ ಕಡಿಮೆಯಲ್ಲ, ಮೈಯ ಹದಿನಾರರಲ್ಲಿ ಒಂದು ಪಾಲು. ಹಾಗೆ ಬಿಡಿಸಿ ಆದಮೇಲೆ ಇಡೀ ಚಿತ್ರಕ್ಕೆ ಕಪ್ಪು ಸುರಿದು ನೋಡಿ. ಬರೀ ಕಪ್ಪು ಆಕಾರ ನೋಡಿಯೇ ಇವನು ಈಗ ಹೊಡೆಯುತ್ತಾನೆ ಅಂತ ಗೊತ್ತಾಗಬೇಕು. ಕತ್ತಿ ಮೈಯ ಹಿಂದೆ ಅಡಗಿದ್ದರೆ ಗೊತ್ತಾಗುವುದಿಲ್ಲ. ಕತ್ತಿಗೂ ಮೈಗೂ ನಡುವೆ ಸ್ವಲ್ಪ ಖಾಲಿ ಜಾಗ ಕಾಣುವ ಹಾಗೆ ಇಡಿ.

ಇಲ್ಲಿ ಒಂದು ಜಗಳ ಇದೆ. ಚಿತ್ರ ಬಿಡಿಸುವವರಿಗೆ ಕೈ ಎತ್ತಿ ನಿಲ್ಲುವ ಹೊತ್ತು ಜಾಸ್ತಿ ಬೇಕು, ಆಡುವವರಿಗೆ ಬಟನ್ ಒತ್ತಿದ ತಕ್ಷಣ ಏಟು ಬೀಳಬೇಕು. ಇಬ್ಬರೂ ಹೇಳುವುದು ಸರಿಯೇ. ನನ್ನ ತೀರ್ಮಾನ ಹೀಗೆ: ಆಡುವವರ ಕೈಯಲ್ಲಿರುವ ನಾಯಕನಿಗೆ ಮುಂಚಿನ ಹೊತ್ತು ಕಡಿಮೆ ಇಟ್ಟು, ತೂಕವನ್ನೆಲ್ಲ ಆಮೇಲಿನ ಹೊತ್ತಿಗೆ ಸಾಗಿಸಬೇಕು. 50 ರಿಂದ 80 ಮಿಲಿಸೆಕೆಂಡ್ ಸಾಕು. 200 ದಾಟಿದರೆ ಆಡುವವರು ಕಂಟ್ರೋಲರ್ ಸರಿ ಇಲ್ಲ ಅಂತ ಬೈಯಲು ಶುರು ಮಾಡುತ್ತಾರೆ. ಶತ್ರುಗಳಿಗೆ ಪೂರ್ತಿ ಉಲ್ಟಾ. ಕಣ್ಣಿಗೆ ಏನೋ ಕಂಡು ಬೆರಳು ಅಲ್ಲಾಡಲು ಮನುಷ್ಯರಿಗೆ ಸುಮಾರು 200 ರಿಂದ 250 ಮಿಲಿಸೆಕೆಂಡ್ ಬೇಕು. ಏನು ಮಾಡಬೇಕು ಅಂತ ಯೋಚಿಸುವ ಹೊತ್ತೂ ಅದಕ್ಕೆ ಸೇರಬೇಕು. ಹಾಗಾಗಿ ಶತ್ರು ಕೈ ಎತ್ತಿ 400, 500 ಮಿಲಿಸೆಕೆಂಡ್ ನಿಂತರೂ ತಪ್ಪಿಲ್ಲ, ದೊಡ್ಡ ರಾಕ್ಷಸನಾದರೆ ಇನ್ನೂ ಜಾಸ್ತಿ. ಆದರೆ ಅಷ್ಟು ಹೊತ್ತು ಅವನನ್ನು ಅಲ್ಲಾಡದ ಹಾಗೆ ನಿಲ್ಲಿಸಿದರೆ ಆಟ ಕೈಕೊಟ್ಟಿತು ಅನ್ನಿಸುತ್ತದೆ. ಎರಡು ಚಿತ್ರ ಇಟ್ಟು ಒಂದು ಪಿಕ್ಸೆಲ್ ನಡುಗಿಸಿ. ಹೊಡೆಯುವ ಸ್ವಲ್ಪ ಮುಂಚೆ ಇನ್ನೂ ಒಂದು ಪಿಕ್ಸೆಲ್ ಹಿಂದಕ್ಕೆ ಎಳೆಯಿರಿ. ಆ ಕೊನೆಯ ಎಳೆತ ನೋಡಿಯೇ ಆಡುವವರು ಪಕ್ಕಕ್ಕೆ ಹಾರುವುದು.

ಎರಡನೇ ಚಿತ್ರಕ್ಕೆ ಬರೋಣ. ಇದು ನನಗೆ ಎಲ್ಲಕ್ಕಿಂತ ಖುಷಿ ಕೊಡುವ ಕೆಲಸ. ಇಲ್ಲಿ ಕತ್ತಿ ಬಿಡಿಸುವುದೇ ಬೇಡ. ಕತ್ತಿ ಓಡಿದ ದಾರಿ ಬಿಡಿಸಿ. ಇದಕ್ಕೆ ಸ್ಮಿಯರ್ ಅನ್ನುತ್ತಾರೆ. ಹಳೆಯ ಕಾರ್ಟೂನ್‌ನವರ ಉಪಾಯ ಇದು. 1942ರ ವಾರ್ನರ್ ಬ್ರದರ್ಸ್‌ನ ದಿ ಡೋವರ್ ಬಾಯ್ಸ್‌ನಲ್ಲಿ ಚಕ್ ಜೋನ್ಸ್ ಇದನ್ನು ಧಾರಾಳವಾಗಿ ಬಳಸಿದ್ದರು. ಪಾತ್ರ ಒಂದು ಭಂಗಿಯಿಂದ ಇನ್ನೊಂದಕ್ಕೆ ಹಾರುವಾಗ ನಡುವೆ ಇಡೀ ಮೈ ಉದ್ದಕ್ಕೆ ಎಳೆದುಕೊಂಡು ಬಿಡುತ್ತದೆ. ಒಂದೊಂದೇ ಫ್ರೇಮ್ ನಿಲ್ಲಿಸಿ ನೋಡಿದರೆ ನಗು ಬರುತ್ತದೆ, ಓಡಿಸಿ ನೋಡಿದರೆ ವೇಗ ಮಾತ್ರ ಕಾಣುತ್ತದೆ.

ಪಿಕ್ಸೆಲ್‌ನಲ್ಲಿ ಸ್ಮಿಯರ್ ಕೆಡುವುದು ಆಕಾರದಲ್ಲಿ. ಉದ್ದಕ್ಕೂ ಒಂದೇ ದಪ್ಪ ಇರುವ ಪಟ್ಟಿ ಎಳೆದರೆ ಅವನು ಕತ್ತಿ ಬೀಸಿದ ಹಾಗಿರುವುದಿಲ್ಲ, ರಿಬ್ಬನ್ ಹಿಡಿದು ಕುಣಿದ ಹಾಗಿರುತ್ತದೆ. ಕತ್ತಿ ಈಗ ಎಲ್ಲಿದೆಯೋ ಆ ತುದಿಯಲ್ಲಿ ಅಗಲ, ಹೊರಟ ಕಡೆ ಸೂಜಿಮೊನೆ. ಹೊರಗಿನ ಅಂಚು ನುಣುಪಾದ ಕಮಾನು, ಒಳಗಿನ ಅಂಚು ಅಲ್ಲಲ್ಲಿ ಹರಿದ ಹಾಗೆ ಇದ್ದರೂ ಚೆಂದ. ಔಟ್‌ಲೈನ್ ಬೇಡವೇ ಬೇಡ. ಮೈಗೆ ಕಪ್ಪು ಗೆರೆ ಇದ್ದರೂ ಸ್ಮಿಯರ್‌ಗೆ ಹಾಕಿದರೆ ಅದು ಗಟ್ಟಿ ವಸ್ತುವಾಗಿ ಬಿಡುತ್ತದೆ. ಮುಂದಿನ ಅಂಚಿಗೆ ಬಿಳಿ, ಅದರ ಹಿಂದೆ ಕತ್ತಿಯ ತಿಳಿ ಬಣ್ಣ, ಬಾಲಕ್ಕೆ ಕತ್ತಿಯ ನೆರಳಿನ ಬಣ್ಣ. ಮೂರು ಸಾಕು. ಇನ್ನೊಂದು ವಿಷಯ, ಸ್ಮಿಯರ್ ಎಲ್ಲಿ ಬಂತು ಅನ್ನುವುದನ್ನೇ ಆಡುವವರು ಏಟು ತಲುಪುವ ಜಾಗ ಅಂದುಕೊಳ್ಳುತ್ತಾರೆ. ಚಿತ್ರದಲ್ಲಿ 40 ಪಿಕ್ಸೆಲ್ ದೂರ ಬೀಸಿ ಹಿಟ್‌ಬಾಕ್ಸ್ 20 ಪಿಕ್ಸೆಲ್ ಇಟ್ಟರೆ ಮೋಸ ಅಂತಾರೆ, ಅವರು ಹೇಳುವುದು ನ್ಯಾಯವೇ. ಇದೇ ಫ್ರೇಮ್‌ನಲ್ಲಿ ಇಡೀ ನಾಯಕನನ್ನು ಮೂರು ನಾಲ್ಕು ಪಿಕ್ಸೆಲ್ ಮುಂದಕ್ಕೆ ತಳ್ಳಿ. ಎತ್ತಿದ್ದ ಹಿಮ್ಮಡಿ ಈಗ ನೆಲಕ್ಕೆ ಊರಿರಬೇಕು. ಕಾಲು ಊರದೆ ಕೈ ಮಾತ್ರ ಬೀಸಿದವನ ಏಟನ್ನು ಯಾರೂ ನಂಬುವುದಿಲ್ಲ.

ಮೂರನೇ ಚಿತ್ರದಲ್ಲಿ ಕತ್ತಿ ಎದುರಿನವನನ್ನು ಮುಟ್ಟಿದ ಜಾಗದಲ್ಲಿ ಇರಬಾರದು. ದಾಟಿ ಹೋಗಿರಬೇಕು. ತಾಗಿದ ಜಾಗದಲ್ಲೇ ನಿಲ್ಲಿಸಿದರೆ ಕತ್ತಿಯಿಂದ ಮೃದುವಾಗಿ ತಟ್ಟಿದ ಹಾಗಿರುತ್ತದೆ. ತುದಿ ನೆಲದ ಹತ್ತಿರ, ಭುಜ ಪೂರ್ತಿ ತಿರುಗಿ ಬೆನ್ನು ಸ್ವಲ್ಪ ಕಾಣುತ್ತಿರಲಿ, ತಲೆ ಮೊದಲಿಗಿಂತ ಮೂರು ಪಿಕ್ಸೆಲ್ ಮುಂದೆ. ಮೊದಲ ಚಿತ್ರಕ್ಕೂ ಇದಕ್ಕೂ ಎಷ್ಟು ದೂರ ಇದೆಯೋ ಅಷ್ಟು ಜೋರು. ಎರಡನ್ನೂ ಆನಿಯನ್ ಸ್ಕಿನ್‌ನಲ್ಲಿ, ಅಂದರೆ ಬೇರೆ ಚಿತ್ರವನ್ನು ಮಸುಕಾಗಿ ತೋರಿಸುವ ಸೌಲಭ್ಯದಲ್ಲಿ, ಒಂದರ ಮೇಲೊಂದು ಇಟ್ಟು ನೋಡಿದರೆ ಮೈಯ ಅರ್ಧ ಭಾಗವಾದರೂ ಒಂದರ ಮೇಲೊಂದು ಕೂರಬಾರದು. ಕೂತರೆ ಎರಡೂ ಭಂಗಿಯನ್ನು ಇನ್ನಷ್ಟು ಅತಿ ಮಾಡಿ. ಪಿಕ್ಸೆಲ್ ಆರ್ಟ್‌ನಲ್ಲಿ ಅತಿ ಅನ್ನಿಸುವುದು 8 ಪಟ್ಟು ಹಿಗ್ಗಿಸಿ ನೋಡಿದಾಗ ಮಾತ್ರ. ಆಟದ ಅಳತೆಯಲ್ಲಿ ಅದು ಸರಿಯಾಗಿರುತ್ತದೆ.

ಈ ಚಿತ್ರದ ಮೇಲೆಯೇ ಹಿಟ್‌ಸ್ಟಾಪ್ ಬರಬೇಕು. ಹಗುರ ಏಟಿಗೆ 3 ರಿಂದ 5 ಫ್ರೇಮ್, ಭಾರಿ ಏಟಿಗೆ 8 ರಿಂದ 12. ಇವು ನಾನು ಶುರು ಮಾಡುವ ಅಂಕಿಗಳು, ಆಮೇಲೆ ಆಡಿ ನೋಡಿ ತಿದ್ದುತ್ತೇನೆ. ಹೊಡೆತವೇ ಅಲ್ಲದ ಕಡೆಯೂ ಇದು ಕೆಲಸ ಮಾಡುತ್ತದೆ. 2018ರ ಸೆಲೆಸ್ಟ್ ಆಟದಲ್ಲಿ ಡ್ಯಾಶ್ (ಒಮ್ಮೆಲೇ ರಭಸದಿಂದ ನುಗ್ಗುವುದು) ಶುರುವಾಗುವ ಮುಂಚೆ ಆಟ 0.05 ಸೆಕೆಂಡ್ ನಿಲ್ಲುತ್ತದೆ, ಅಂದರೆ 3 ಫ್ರೇಮ್. ಆಡುವಾಗ ನಿಂತದ್ದು ಗೊತ್ತೇ ಆಗುವುದಿಲ್ಲ, ಆದರೆ ಡ್ಯಾಶ್‌ಗೆ ಒಂದು ಒದೆತ ಬಂದಿರುತ್ತದೆ. ಸ್ಮ್ಯಾಶ್ ಬ್ರದರ್ಸ್ ಅನ್ನುವ ಹೊಡೆದಾಟದ ಆಟ ಮಾಡಿದ ಮಸಾಹಿರೋ ಸಕುರಾಯ್ 2022ರಲ್ಲಿ ಶುರು ಮಾಡಿದ ಯೂಟ್ಯೂಬ್ ಚಾನೆಲ್‌ನಲ್ಲಿ ಹಿಟ್‌ಸ್ಟಾಪ್ ಬಗ್ಗೆ ಚೆನ್ನಾಗಿ ವಿವರಿಸಿದ್ದಾರೆ. ಅದರಲ್ಲಿ ನನಗೆ ಹಿಡಿಸಿದ್ದು, ನಿಂತ ಹೊತ್ತಿನಲ್ಲಿ ಏಟು ತಿಂದವನನ್ನು ನಡುಗಿಸಬೇಕು, ಹೊಡೆದವನನ್ನು ಅಲ್ಲ ಅನ್ನುವುದು. ಇಬ್ಬರೂ ನಡುಗಿದರೆ ಯಾರು ಯಾರಿಗೆ ಹೊಡೆದರು ಅನ್ನುವುದೇ ಕಲಸಿಹೋಗುತ್ತದೆ.

ಕೋಡ್ ಬರೆಯುವವರು ಇಲ್ಲಿ ಒಂದು ಕಡೆ ಹುಷಾರಾಗಿರಬೇಕು. ಏಟು ತಿಂದವನ ಚಿತ್ರವನ್ನು ನೋವಿನ ಭಂಗಿಗೆ ಬದಲಿಸಿ, ಆಮೇಲೆ ನಿಲ್ಲಿಸಬೇಕು. ಉಲ್ಟಾ ಆದರೆ ಅಷ್ಟೂ ಫ್ರೇಮ್ ಅವನು ಏನೂ ಆಗದವನ ಹಾಗೆ ಆರಾಮಾಗಿ ನಿಂತಿರುತ್ತಾನೆ, ಕತ್ತಿ ಅವನ ಎದೆ ದಾಟಿರುತ್ತದೆ. ಏನೋ ಸರಿ ಇಲ್ಲ ಅನ್ನಿಸುತ್ತದೆ, ಏನು ಅಂತ ಗೊತ್ತಾಗುವುದಿಲ್ಲ, ಬಡಪಾಯಿ ಚಿತ್ರಗಾರನಿಗೆ ಬೈಗುಳ. ಆಟ ಕಟ್ಟುವ ತಂತ್ರಾಂಶ ಗೊಡೋದಲ್ಲಿ ಆಟ ನಿಲ್ಲಿಸಲು ಟೈಮ್ ಸ್ಕೇಲ್ (ಆಟದ ಸಮಯ ಓಡುವ ವೇಗ) ಸೊನ್ನೆ ಮಾಡಿ ಮಾಮೂಲಿ ಟೈಮರ್ ಇಟ್ಟು ಕಾದರೆ ಆಟ ಮತ್ತೆ ಎದ್ದೇಳುವುದೇ ಇಲ್ಲ, ಆ ಟೈಮರ್ ಕೂಡ ನಿಂತಿರುತ್ತದೆ. ಟೈಮ್ ಸ್ಕೇಲ್ ಲೆಕ್ಕಿಸಬೇಡ ಅಂತ ಅದಕ್ಕೆ ಹೇಳಬೇಕು. ಅಂಥದ್ದೇ ಇನ್ನೊಂದು ತಂತ್ರಾಂಶ ಯೂನಿಟಿಯಲ್ಲೂ ಇದೇ ಕತೆ, ಅಲ್ಲಿ ವೇಟ್ ಫಾರ್ ಸೆಕೆಂಡ್ಸ್ ರಿಯಲ್‌ಟೈಮ್ ಬಳಸಬೇಕು. ಇಬ್ಬರೇ ಹೊಡೆದಾಡುವ ಆಟಕ್ಕೆ ಇದು ಸಾಕು. ಹತ್ತು ಜನ ಒಟ್ಟಿಗೆ ಹೊಡೆದಾಡುತ್ತಿದ್ದರೆ ಇಡೀ ಆಟ ನಿಲ್ಲಿಸಬೇಡಿ, ಏಟಿಗೆ ಸಂಬಂಧಪಟ್ಟ ಇಬ್ಬರನ್ನು ಮಾತ್ರ ನಿಲ್ಲಿಸಿ. ಇಲ್ಲದಿದ್ದರೆ ಆಟ ತಡವರಿಸುತ್ತಿದೆ, ಫೋನ್ ಬಿಸಿಯಾಗಿರಬೇಕು ಅಂತ ಜನ ಅಂದುಕೊಳ್ಳುತ್ತಾರೆ. ಕಿಡಿಗಳು ನಿಲ್ಲದೆ ಹಾರುತ್ತಿರಲಿ.

ಏಟು ತಿಂದವನ ವಿಷಯಕ್ಕೆ ಬಂದರೆ, ಅರ್ಧ ಕೆಲಸ ಅವನದ್ದೇ. ಯಕ್ಷಗಾನವೋ ಸಿನಿಮಾ ಫೈಟೋ, ಎಲ್ಲಾದರೂ ನೋಡಿ, ಬೀಳುವವರು ಚೆನ್ನಾಗಿ ಬಿದ್ದರೆ ಹೊಡೆದವರು ದೊಡ್ಡವರಾಗುತ್ತಾರೆ. ಸ್ಪ್ರೈಟ್‌ನಲ್ಲೂ ಅಷ್ಟೇ. ನಾಯಕನ ಏಟಿಗೆ ಆರು ಚಿತ್ರ ಬಿಡಿಸಿ ಶತ್ರುವಿಗೆ ಬರೀ ಕೆಂಪು ಬಣ್ಣ ಮಿನುಗಿಸಿ ಕೈ ತೊಳೆದುಕೊಂಡರೆ ಏಟು ಹಗುರವಾಗುತ್ತದೆ. ನೋವಿನ ಭಂಗಿ ಒಂದೇ ಚಿತ್ರವಾದರೂ ಪರವಾಗಿಲ್ಲ, ಆದರೆ ಅದರಲ್ಲಿ ತಲೆ ಏಟು ಹೋದ ದಿಕ್ಕಿಗೆ ವಾಲಿರಬೇಕು, ಕೈಗಳು ಹಿಂದೆ ಉಳಿದಿರಬೇಕು, ಮೈ ಎರಡು ಪಿಕ್ಸೆಲ್ ಕುಗ್ಗಿರಬೇಕು. ಮೇಲಿನಿಂದ ಬಿದ್ದ ಏಟಿಗೂ ಪಕ್ಕದಿಂದ ಬಿದ್ದದ್ದಕ್ಕೂ ಬೇರೆ ಬೇರೆ ಭಂಗಿ ಬಿಡಿಸಲು ಹೊತ್ತಿದ್ದರೆ ಬಿಡಿಸಿ, ಕೊಟ್ಟ ಹೊತ್ತು ದಂಡವಾಗುವುದಿಲ್ಲ. ಹಿಂದಕ್ಕೆ ಜಾರುವುದು ಒಂದೇ ವೇಗದಲ್ಲಿ ಬೇಡ. ಮೊದಲ ಫ್ರೇಮ್‌ನಲ್ಲೇ 6 ಪಿಕ್ಸೆಲ್, ಆಮೇಲೆ 4, 2, 1, 1, ಹೀಗೆ ಕರಗುತ್ತಾ ಹೋಗಲಿ.

ಒಂದು ಫ್ರೇಮ್ ಪೂರ್ತಿ ಬಿಳಿ ಮಾಡುವುದು ಹಳೇ ಉಪಾಯ, ಈಗಲೂ ಚೆನ್ನಾಗಿ ನಡೆಯುತ್ತದೆ. ಆದರೆ ಏಟು ತಿಂದವನನ್ನು ಮಾತ್ರ ಬಿಳಿ ಮಾಡಿ, ಇಡೀ ಪರದೆಯನ್ನಲ್ಲ. ಇದು ಬರೀ ಅಂದಚೆಂದದ ಮಾತಲ್ಲ. 1997ರ ಡಿಸೆಂಬರ್‌ನಲ್ಲಿ ಜಪಾನ್‌ನಲ್ಲಿ ಪೋಕೆಮಾನ್ ಕಾರ್ಟೂನ್‌ನ ಒಂದು ಕಂತಿನಲ್ಲಿ ಕೆಂಪು ನೀಲಿ ಬೆಳಕು ವೇಗವಾಗಿ ಮಿನುಗಿ 600ಕ್ಕೂ ಹೆಚ್ಚು ಜನ, ಬಹುಪಾಲು ಮಕ್ಕಳು, ಆಸ್ಪತ್ರೆ ಸೇರಿದರು. ವೆಬ್ ಪುಟಗಳ ನಿಯಮದಲ್ಲಿ ಒಂದು ಸೆಕೆಂಡಿಗೆ 3ಕ್ಕಿಂತ ಜಾಸ್ತಿ ಸಲ ಮಿನುಗಬಾರದು ಅಂತಿದೆ. ಆಟಕ್ಕೂ ಅದನ್ನೇ ಇಟ್ಟುಕೊಳ್ಳಿ, ಮಿನುಗು ನಿಲ್ಲಿಸುವ ಒಂದು ಆಯ್ಕೆಯನ್ನೂ ಸೆಟ್ಟಿಂಗ್ಸ್‌ನಲ್ಲಿ ಕೊಡಿ. ಸ್ಕ್ರೀನ್ ಶೇಕ್‌ಗೂ, ಅಂದರೆ ಏಟು ಬಿದ್ದಾಗ ಪರದೆ ಅಲ್ಲಾಡಿಸುವುದಕ್ಕೂ, ಅಂಥದ್ದೊಂದು ಆಯ್ಕೆ ಇರಲಿ. ಕೆಲವರಿಗೆ ನಿಜವಾಗಿಯೂ ತಲೆ ಸುತ್ತುತ್ತದೆ.

ಶೇಕ್ ಬಗ್ಗೆ ನನಗೆ ಸ್ವಲ್ಪ ಕೋಪವೇ ಇದೆ. ಡಚ್ ತಂಡ ವ್ಲಂಬೀರ್‌ನ ಯಾನ್ ವಿಲ್ಲೆಮ್ ನೈಮನ್ 2013ರಲ್ಲಿ ಇದರ ಬಗ್ಗೆಯೇ ಒಂದು ಭಾಷಣ ಕೊಟ್ಟರು, ಸಪ್ಪೆ ಆಟವೊಂದನ್ನು ಹಂತ ಹಂತವಾಗಿ ಜೀವಂತ ಮಾಡಿ ತೋರಿಸಿದರು. ತುಂಬಾ ಒಳ್ಳೆಯ ಭಾಷಣ. ಅದನ್ನು ನೋಡಿದವರಲ್ಲಿ ಅರ್ಧ ಜನ ಪರದೆ ಅಲ್ಲಾಡಿಸುವುದನ್ನು ಮಾತ್ರ ಕಲಿತರು. ಚಿಕ್ಕ ಚಾಕು ತಾಗಿದರೂ ಭೂಕಂಪ. 320 x 180ರ ಪರದೆಯಲ್ಲಿ ಮಾಮೂಲಿ ಏಟಿಗೆ 1 ಪಿಕ್ಸೆಲ್ ಶೇಕ್, ದೊಡ್ಡದಕ್ಕೆ 3 ಅಥವಾ 4, ಅಷ್ಟೇ. ಏಟಿನ ದಿಕ್ಕಿಗೇ ಅಲ್ಲಾಡಲಿ, ಎಲ್ಲಾ ಕಡೆಗೂ ಬೇಡ. ಪೂರ್ಣ ಪಿಕ್ಸೆಲ್‌ನಲ್ಲೇ ಅಲ್ಲಾಡಲಿ, ಅರ್ಧ ಪಿಕ್ಸೆಲ್ ಸರಿಸಿದರೆ ಚಿತ್ರವೆಲ್ಲ ಕಲಸಿಕೊಳ್ಳುತ್ತದೆ.

ಸದ್ದು ನನ್ನ ಕ್ಷೇತ್ರ ಅಲ್ಲ. ಒಂದೇ ಮಾತು: ಬೀಸಿದ್ದಕ್ಕೆ ಒಂದು, ಬಡಿದದ್ದಕ್ಕೆ ಒಂದು, ಎರಡು ಬೇರೆ ಸದ್ದು ಬೇಕು. ಗುರಿ ತಪ್ಪಿದಾಗ ಬೀಸಿದ ಸದ್ದು ಮಾತ್ರ ಬರಬೇಕು, ಹಿಟ್‌ಸ್ಟಾಪ್ ಇರಬಾರದು.

ಉಳಿದ ಮೂರು ಚಿತ್ರಗಳು ವಾಪಸ್ ಬರುವ ದಾರಿ. ಇಲ್ಲಿ ಆತುರ ಬೇಡ. ನಾಲ್ಕನೆಯದರಲ್ಲಿ ಮೈ ಕೆಳಗೆ ಕುಸಿಯುತ್ತದೆ, ಮುಂದಿನ ಮಂಡಿಯ ಮೇಲೆ ಭಾರ ಬೀಳುತ್ತದೆ, ಆದರೆ ಕೂದಲು, ಶಾಲು, ಕಚ್ಚೆಯ ಸೆರಗು ಇನ್ನೂ ಮುಂದಕ್ಕೆ ಹಾರುತ್ತಲೇ ಇರುತ್ತವೆ. ಮೈ ನಿಂತ ಮೇಲೂ ಬಟ್ಟೆ ಹೋಗುತ್ತಿದೆ ಅಂದರೆ ಮೈ ಎಷ್ಟು ಜೋರಾಗಿ ಬಂದಿತ್ತು ಅನ್ನುವುದಕ್ಕೆ ಅದೇ ಸಾಕ್ಷಿ. 1999ರ ಸ್ಟ್ರೀಟ್ ಫೈಟರ್ ಥರ್ಡ್ ಸ್ಟ್ರೈಕ್ ನೋಡಿ. ಚಿತ್ರಗಳ ರಾಶಿಯೇ ಇದೆ ಅದರಲ್ಲಿ, ಆದರೆ ಗುದ್ದು ಹೊರಡುವ ಕಡೆ ಚಿತ್ರ ಕಡಿಮೆ, ಕೈ ವಾಪಸ್ ಬರುವ ಕಡೆ ಮತ್ತು ಬಟ್ಟೆ ಅಲ್ಲಾಡುವ ಕಡೆ ಜಾಸ್ತಿ. ನಿಮಗೆ ಇನ್ನೂ ಚಿತ್ರ ಬಿಡಿಸುವ ಆಸೆ ಇದ್ದರೆ ಇಲ್ಲಿ ಸೇರಿಸಿ, ಬೀಸುವ ಕಡೆ ಬೇಡ. ಆಡುವವರಿಗೆ ತಪ್ಪಿಸಿಕೊಳ್ಳುವ ಅವಕಾಶ ಬೇಕಿದ್ದರೆ ಐದನೇ ಚಿತ್ರದಿಂದಲೇ ಡ್ಯಾಶ್ ಮಾಡಲು ಬಿಡಿ. ಚಿತ್ರ ಪೂರ್ತಿ ಮುಗಿಯಲೇಬೇಕು ಅಂತ ಹಟ ಹಿಡಿಯಬೇಡಿ.

ಬೇರೆಯವರಿಗೆ ತೋರಿಸುವಾಗ ಜಿಫ್ (ಚಲಿಸುವ ಚಿತ್ರದ ಫೈಲ್) ಮಾಡಿದರೆ ಎಲ್ಲ ಲೆಕ್ಕ ಕೆಡುತ್ತದೆ ಅನ್ನುವುದೂ ಗೊತ್ತಿರಲಿ. ಜಿಫ್‌ನಲ್ಲಿ ಸಮಯ ಸೆಕೆಂಡಿನ ನೂರನೇ ಒಂದು ಪಾಲಿನಲ್ಲಿ ಉಳಿಯುತ್ತದೆ. ನಿಮ್ಮ 33 ಮಿಲಿಸೆಕೆಂಡ್ 30 ಆಗುತ್ತದೆ, ಅದು ಹಾಳಾಗಲಿ. ಆದರೆ ಆಟದ ಒಂದೇ ಫ್ರೇಮ್‌ನಷ್ಟು, ಅಂದರೆ ಸುಮಾರು 17 ಮಿಲಿಸೆಕೆಂಡ್‌ನ, ಸ್ಮಿಯರ್ ಇಟ್ಟು ಅದು 10 ಮಿಲಿಸೆಕೆಂಡ್‌ಗೆ ಇಳಿಯಿತೋ, ಬ್ರೌಸರ್‌ಗಳು ಅದನ್ನು 100 ಅಂತ ತೋರಿಸುತ್ತವೆ. ಎಲ್ಲಕ್ಕಿಂತ ವೇಗದ ಫ್ರೇಮ್ ಎಲ್ಲಕ್ಕಿಂತ ನಿಧಾನವಾಗಿ ಓಡುತ್ತದೆ! ಆಟದೊಳಗೆ ಹಾಕಿ 60 ಫ್ರೇಮ್‌ನ ವಿಡಿಯೋ ತೆಗೆಯುವುದೇ ಸರಿ. ದುಡ್ಡು ಕೊಟ್ಟು ಅಸೆಪ್ರೈಟ್ ಕೊಳ್ಳಲು ಆಗದಿದ್ದರೆ ಲಿಬ್ರೆಸ್ಪ್ರೈಟ್, ಪಿಕ್ಸೆಲೊರಾಮಾ ಎರಡೂ ಪುಕ್ಕಟೆ ಸಿಗುತ್ತವೆ, ಈ ಕೆಲಸಕ್ಕೆ ಧಾರಾಳ ಸಾಕು.

ಇಷ್ಟು ಮಾಡಿದ ಮೇಲೆ ಒಂದು ಆಟ ಆಡಿ ನೋಡಿ. ಆರೂ ಚಿತ್ರದಲ್ಲಿ ಕತ್ತಿಯ ಜಾಗಕ್ಕೆ ದೊಡ್ಡ ಸುತ್ತಿಗೆ ಹಾಕಿ, ಮೈಯ ಒಂದು ಗೆರೆಯನ್ನೂ ಮುಟ್ಟಬೇಡಿ, ಅವಧಿ ಮಾತ್ರ ಬದಲಿಸಿ. ಕೈ ಎಳೆದದ್ದು 67ರಿಂದ 180ಕ್ಕೆ, ಸ್ಮಿಯರ್ 33ರಲ್ಲೇ ಇರಲಿ, ದಾಟಿದ್ದು 200, ವಾಪಸ್ ಬರುವುದೆಲ್ಲ ಇಮ್ಮಡಿ, ಹಿಟ್‌ಸ್ಟಾಪ್ 12 ಫ್ರೇಮ್. ಕೈ ಎಳೆಯುವುದು ನಾಯಕನಿಗೆ ನಾನು ಹೇಳಿದ ಮಿತಿ ದಾಟಿತಲ್ಲ ಅಂದರೆ, ಹೌದು, ಸುತ್ತಿಗೆ ಆರಿಸಿಕೊಂಡವರು ಅದಕ್ಕೆ ಒಪ್ಪಿಯೇ ಆರಿಸಿಕೊಂಡಿರುತ್ತಾರೆ. ಆಮೇಲೆ ಅದೇ ಜಾಗಕ್ಕೆ ಚಾಕು ಹಾಕಿ. ಕೈ ಎಳೆದದ್ದು 33, ಸ್ಮಿಯರ್ ಆಟದ ಒಂದೇ ಫ್ರೇಮ್ (17), ವಾಪಸ್ ಬರುವುದು ಅರ್ಧಕ್ಕರ್ಧ, ಹಿಟ್‌ಸ್ಟಾಪ್ ಹಗುರ ಏಟಿಗಿಂತಲೂ ಕಡಿಮೆ, 2 ಫ್ರೇಮ್. ಚಾಕುವಿಗೆ 5 ಫ್ರೇಮ್ ಇಟ್ಟರೆ ಅದೂ ಸುತ್ತಿಗೆಯ ಥರ ಬಡಿಯಲು ಶುರು ಮಾಡುತ್ತದೆ, ಬೇಕಿದ್ದರೆ ಇಟ್ಟು ನೋಡಿ.